ಸಕ್ಕರೆ ಡಬ್ಬಿಯ ಮುಚ್ಚಳ ಸಿಕ್ಕ ತಿಂಗಳು

ಮಾರ್ಚ್ ೩, ಸೋಮವಾರ

ಮುಂದಿನ ತಲೆಮಾರುಗಳ ಅವಗಾಹನೆಗೆ: ಇಂದು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಲಾಂಡ್ರಿಯ ಸಕ್ಕರೆ ಡಬ್ಬಿಯ ಮುಚ್ಚಳ ಪತ್ತೆಯಾಗಿದೆ. ಹದಿನಾಲ್ಕು ತಿಂಗಳಿಂದ ತಲೆಮರೆಸಿಕೊಂಡಿದ್ದ ಸದರಿ ಮುಚ್ಚಳವು ಅಜ್ಜಿಯ ಕುರ್ಚಿಯ ಮೆತ್ತೆಯ ಕೆಳಗಿನ ಸಂದಿಯಲ್ಲಿ, ಯಾವ ಪ್ರತಿರೋಧವನ್ನೂ ತೋರದೆ ಶರಣಾಯಿತು. ಊರಿಗೆಲ್ಲ ಡಂಗುರ ಸಾರಿಸಬೇಕೆಂದಿದ್ದೆ. ಹೆಂಡತಿ, "ಮೊದಲು ತೊಳೆದಿಡಿ" ಎಂದಳು. ಇತಿಹಾಸಪ್ರಜ್ಞೆ ಇಲ್ಲದ ಮನೆ ಇದು.

ಮುಚ್ಚಳದೊಳಗೆ ನಾಲ್ಕೈದು ಹಸಿರು ದಾರದ ತುಂಡುಗಳಿದ್ದವು. ಹಳೆಯ ಹೊಲಿಗೆ ಬಿಚ್ಚಿದಾಗ ಬರುತ್ತವಲ್ಲ, ಹಾಗೆ ಸುರುಳಿಸುರುಳಿಯಾಗಿ. ಕಸದ ಬುಟ್ಟಿಗೆ ಹಾಕಿದೆ.

ಈ ಮುಚ್ಚಳದ ದೆಸೆಯಿಂದ ನಾನು ತಿಂದ ಬೈಗುಳ ಚರಿತ್ರೆಯಲ್ಲಿ ದಾಖಲಾಗಲೇಬೇಕು. ಹೋದ ವರ್ಷ ಜನವರಿ. ಅಜ್ಜಿಗೆ ತೊಂಬತ್ತೈದು, ನನಗೆ ಐವತ್ಮೂರು. ಮುಚ್ಚಳ ಕಾಣದೆ ನಾನು ಬೇರೆ ಡಬ್ಬಿಯ ಮುಚ್ಚಳ ತಂದು ಒತ್ತಿದ್ದೆ. ಅಷ್ಟಕ್ಕೆ ಅವಳು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಗಡಿಯಾರ ನೋಡಿ ಮೂವತ್ತೈದು ನಿಮಿಷ ಬೈದಳು. "ಕಳೀತಾ, ಕಳೀತು. ಬಾಯಿಬಿಟ್ಟು ಹೇಳೋಕೆ ಏನು ರೋಗ ನಿಂಗೆ? ಬೇರೇದು ತಂದು ಮುಚ್ಚಿದ್ರೆ ಮುಚ್ಚಿಹೋಗುತ್ತೇನೋ? ನನ್ನ ಕಣ್ಣು ಮಂಜಾಗಿರಬಹುದು, ಕೈ ಮಂಜಾಗಿದೆಯಾ?" ಒಂದು ತಗಡಿನ ಮುಚ್ಚಳಕ್ಕೆ. ಕೊನೆಗೆ ದೊಡ್ಡ ಕೆಲಸ ಮುಗಿಸಿದವಳ ಹಾಗೆ ಉಸಿರುಬಿಟ್ಟು, "ಆಯ್ತು, ಹೋಗು, ಟೀ ಕುಡಿ" ಎಂದಳು. ಈ ಅನ್ಯಾಯವನ್ನು ನಾನು ಈವರೆಗೆ ಕ್ಷಮಿಸಿಲ್ಲ. ಈಗ ನೋಡಿದರೆ ಅದು ಅವಳ ಕುರ್ಚಿಯಲ್ಲೇ ಇತ್ತು. ಮೇಲ್ಮನವಿ ಸಲ್ಲಿಸೋಣವೆಂದರೆ ನ್ಯಾಯಾಧೀಶರು ಫೆಬ್ರವರಿ ಹನ್ನೊಂದಕ್ಕೆ ತೀರಿಕೊಂಡಿದ್ದಾರೆ.

ಈ ಪುಸ್ತಕ ಯಾಕೆಂದರೆ, ಅತ್ತೆಯ ಆಜ್ಞೆ. ಅತ್ತೆ ಎಂದರೆ ಅಜ್ಜಿಯ ಮಗಳು, ಎಪ್ಪತ್ನಾಲ್ಕು ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಈ ತಿಂಗಳ ಮೂವತ್ತಕ್ಕೆ ಅಜ್ಜಿ ಇದ್ದಿದ್ದರೆ ತೊಂಬತ್ತೇಳು ತುಂಬುತ್ತಿತ್ತು. ಅಂದು ಎಲ್ಲರೂ ಇಲ್ಲಿ ಸೇರುವುದು, ನಾನು ಅವಳ ಜೀವನದ ಬಗ್ಗೆ ಎರಡು ಪುಟ ಬರೆದು ಓದುವುದು. "ಎರಡೇ ಪುಟ. ಅಂಚು ಬಿಟ್ಟು ಬರಿ." ಅಭ್ಯಾಸಕ್ಕೆಂದು ಈ ಪುಸ್ತಕ ಕೊಂಡೆ. ಮೊದಲ ವಾಕ್ಯ ಸಿದ್ಧವಾಗಿದೆ: "ಒಂದು ಮಹಾವೃಕ್ಷ ಉರುಳಿತು." ಹೆಂಡತಿ ಓದಿ, "ಮರಕ್ಕೆ ಬಟ್ಟೆ ಒಗೆಯೋಕೆ ಬರ್ತಿತ್ತಾ?" ಎಂದಳು.

ಒಂದು ಮಾತು ಇಲ್ಲಿ ಮಾತ್ರ. ಅಜ್ಜಿ ಹೋದ ದಿನ ನಾನು ಹತ್ತು ಗಂಟೆ ನಿದ್ದೆ ಮಾಡಿದೆ. ಕೊನೆಯ ಎಂಟು ವಾರ ಅವಳನ್ನು ಎತ್ತಿ ಕೂರಿಸಿ, ಮಲಗಿಸಿ, ಸುಸ್ತಾಗಿತ್ತು, ಅದು ನೆಪ. ಎದೆಯ ಮೇಲಿನ ಒಂದು ಕಲ್ಲು ಇಳಿದ ಹಾಗಾಗಿತ್ತು. ಇನ್ನು ಅವಳಿಗೆ ಗೊತ್ತಾಗುವುದಿಲ್ಲ, ಅಂತ.

ಏನು ಗೊತ್ತಾಗುವುದಿಲ್ಲ ಎಂಬುದನ್ನು ಇವತ್ತು ಬರೆಯಲಾರೆ. ಕುರ್ಚಿಯನ್ನು ಬಾಗಿಲ ಹೊರಗಿಟ್ಟಿದ್ದೇನೆ, ಗುಜರಿಯವನು ಬಂದರೆ ಕೊಡುವುದು. ಆ ಜಾಗಕ್ಕೆ ಯಂತ್ರ ಬರುತ್ತದೆ.


ಮಾರ್ಚ್ ೫, ಬುಧವಾರ

ಯಂತ್ರ ಬಂತು. ರಟ್ಟಿನ ಪೆಟ್ಟಿಗೆಯಲ್ಲಿ ರಾಜಗಾಂಭೀರ್ಯದಿಂದ ಕುಳಿತಿದೆ. ಬಟ್ಟೆಗೆ ನಂಬರಿನ ಚೀಟಿ ಅಚ್ಚು ಹಾಕಿ ಅಂಟಿಸುತ್ತದಂತೆ. ಇನ್ನು ನಮ್ಮ ಲಾಂಡ್ರಿ ಆಧುನಿಕ. ತೆರೆಯುವ ಮೊದಲು ಹಳೆಯ ಕಪಾಟು ಖಾಲಿಯಾಗಬೇಕು. ಅಲ್ಲಿ ನಲವತ್ತೊಂದು ಬಟ್ಟೆ ವಾರಸುದಾರರಿಲ್ಲದೆ ಕುಳಿತಿವೆ. ವಾರಸುದಾರರು ಇದ್ದಾರೆ, ಯಾರೆಂದು ಗೊತ್ತಿದ್ದವಳು ಇಲ್ಲ.

ಅಜ್ಜಿಯ ಪದ್ಧತಿ ಇದು. ಮೂವತ್ತೊಂದನೇ ವಯಸ್ಸಿಗೆ ಗಂಡ ಹೋದಾಗ ಅವಳ ಬಳಿ ಎರಡು ಮಕ್ಕಳು, ಒಂದು ತೊಟ್ಟಿ, ಒಂದು ಇಸ್ತ್ರಿ ಪೆಟ್ಟಿಗೆ ಇದ್ದವು, ಅಕ್ಷರ ಇರಲಿಲ್ಲ. ಹಾಗಾಗಿ ಪ್ರತಿ ಗಿರಾಕಿಗೂ ಒಂದು ದಾರದ ಗುರುತು. ಕಾಲರಿನ ಒಳಗೆ, ಸೊಂಟಪಟ್ಟಿಯ ಒಳಗೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ನಾಲ್ಕೈದು ಹೊಲಿಗೆ. ಬಣ್ಣ ಬೀದಿಗೆ, ಹೊಲಿಗೆಯ ಆಕಾರ ಮನೆಗೆ. ದಂತವೈದ್ಯರಿಗೆ ಕೆಂಪು ಬಣ್ಣದಲ್ಲಿ ಒಂದು ಹಲ್ಲು. ಬೀದಿ ಕೊನೆಯ ಗಂಡಹೆಂಡತಿ ಜಗಳವಾಡಿ ಬೇರೆ ಬೇರೆ ಗಂಟಿನಲ್ಲಿ ಬಟ್ಟೆ ಕಳಿಸತೊಡಗಿದಾಗ ಇಬ್ಬರಿಗೂ ಅರ್ಧರ್ಧ ಗುರುತು ಹಾಕಿದಳು. ಮೂರು ತಿಂಗಳಿಗೆ ಒಂದೇ ಚೀಲದಲ್ಲಿ ಬಂತು. ಏನೂ ಕೇಳದೆ ಗುರುತನ್ನು ಮತ್ತೆ ಇಡಿಯಾಗಿಸಿದಳು.

ಐವತ್ತೆರಡನೇ ವಯಸ್ಸಿಗೆ ಅತ್ತೆ ಅವಳಿಗೆ ಓದುಬರಹ ಕಲಿಸಿದರು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ, ಟೆಂಡರ್ ಪ್ರಕಟಣೆ ಸಮೇತ ಓದುತ್ತಿದ್ದಳು. ಆದರೂ ಬಟ್ಟೆಗೆ ಹೆಸರು ಬರೆಯಲಿಲ್ಲ. "ಅಕ್ಷರನ ಎಲ್ಲರೂ ಓದ್ತಾರೆ ಕಣೋ. ಯಾರ ದಿಂಬು ಒದ್ದೆಯಾಗಿ ಬಂತು ಅಂತ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?"

ಇದನ್ನು ಆ ಎರಡು ಪುಟಕ್ಕೆ ಹಾಕಬಹುದು. ಮಹಾವೃಕ್ಷದ ಪಕ್ಕ ಒದ್ದೆ ದಿಂಬು ಹೊಂದುವುದಿಲ್ಲ ಎನಿಸಿ ಬಿಟ್ಟೆ.

ಗುಜರಿಯವನು ಬರಲಿಲ್ಲ.


ಮಾರ್ಚ್ ೮, ಶನಿವಾರ

ನಿಂತು ನಿಂತು ಬೆನ್ನು ಹಿಡಿದುಕೊಂಡಿದ್ದರಿಂದ ಕುರ್ಚಿಯನ್ನು ತಾತ್ಕಾಲಿಕವಾಗಿ ಒಳಗೆ ತಂದೆ. ನಲವತ್ತೊಂದರಲ್ಲಿ ಹನ್ನೆರಡು ಬಟ್ಟೆಗೆ ಒಡೆಯರು ಸಿಕ್ಕರು. ದಾರಿಯಲ್ಲಿ ಹೋಗುವವರ ಕಾಲರನ್ನು ಇಣುಕಿ ನೋಡುವ ಚಟ ಹತ್ತಿದೆ. ದಂತವೈದ್ಯರು ಕುತ್ತಿಗೆ ಮುಚ್ಚಿಕೊಂಡು ನಡೆಯುತ್ತಿದ್ದಾರೆ.

ಏಳು ಬಟ್ಟೆಗಳಲ್ಲಿ ಗುರುತಿನ ಪಕ್ಕ ಒಂದು ಬಿಳಿ ಗಂಟು ಇದೆ. ಸಾಸಿವೆಯಷ್ಟು. ಇದು ಯಾವ ಬೀದಿಯೂ ಅಲ್ಲ, ಯಾವ ಮನೆಯೂ ಅಲ್ಲ.

"ನಾಜೂಕು ಬಟ್ಟೆ ಅಂತಿರಬೇಕು," ಹೆಂಡತಿ ಹೇಳಿದಳು.

"ಇದರಲ್ಲೊಂದು ಗ್ಯಾರೇಜಿನವನ ಮೇಲಂಗಿ."

"ಹಾಗಾದ್ರೆ ನಾಜೂಕು ಮನುಷ್ಯ ಇರಬೇಕು."

ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಐವತ್ತು ವರ್ಷದಿಂದ ಕಣ್ಣೆದುರೇ ಇದ್ದದ್ದು. ನಲವತ್ತೊಂದು ಬಟ್ಟೆಗಳಲ್ಲೂ ಹೊಲಿಗೆ ಎಡಕ್ಕೆ ವಾಲಿದೆ. ಅಜ್ಜಿ ಎಡಚಿ. ಬಲಗೈಯವರು ಹಾಕಿದರೆ ಬಲಕ್ಕೆ ವಾಲುತ್ತದೆ. ನಾನು ಬಲಗೈಯವನು.

ಸರಿ, ಬರೆದುಬಿಡುತ್ತೇನೆ.

ಅತ್ತೆ ತಮ್ಮ ಮೊದಲ ಸಂಬಳದಲ್ಲಿ ಅಜ್ಜಿಗೆ ಒಂದು ನೀಲಿ ಉಣ್ಣೆಯ ಕೋಟು ಕೊಡಿಸಿದ್ದರು. ಐವತ್ತೊಂದು ವರ್ಷದ ಹಿಂದೆ. ಅಲ್ಲಿಯವರೆಗೆ ಬೇರೆಯವರ ಕೋಟು ಒಗೆದವಳು ಮೊದಲ ಬಾರಿಗೆ ತನ್ನ ಕೋಟಿಗೆ ಗುರುತು ಹಾಕಿಕೊಂಡಳು: ಹಸಿರು ದಾರ, ಮೂರು ಗೆರೆ, ಒಂದು ಕೊಕ್ಕೆ. ಪ್ರತಿ ಚಳಿಗಾಲ ಅದೇ ಕೋಟು. ಹೋದ ವರ್ಷವಲ್ಲ, ಅದರ ಹಿಂದಿನ ನವೆಂಬರಿನಲ್ಲಿ ನಾನು ಅದಕ್ಕೆ ಇಸ್ತ್ರಿ ಹಾಕುತ್ತಿದ್ದೆ. ರೇಡಿಯೋದಲ್ಲಿ ಪಂದ್ಯ ನಡೆಯುತ್ತಿತ್ತು, ಕೊನೆಯ ಎರಡು ನಿಮಿಷ. ನಾವು ಗೆದ್ದೆವು. ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಕಂದುಬಣ್ಣದಲ್ಲಿ, ದೋಣಿಯ ಹಾಗೆ, ಮೂಡಿತ್ತು.

ಧೀರೋದಾತ್ತ ನಾಯಕನಾದ ನಾನು ಏನು ಮಾಡಿದೆ? ಹನ್ನೊಂದು ಹಳೇಬಟ್ಟೆ ಅಂಗಡಿ ಸುತ್ತಿ ಅಂಥದ್ದೇ ಕೋಟು ತಂದೆ. ಸುಟ್ಟದ್ದರ ಗುಂಡಿಗಳನ್ನು ಕಿತ್ತು ಇದಕ್ಕೆ ಹೊಲಿದೆ. ಕಾಲರಿನೊಳಗೆ ಹಸಿರು ದಾರದಲ್ಲಿ ಮೂರು ಗೆರೆ, ಒಂದು ಕೊಕ್ಕೆ ಹಾಕಿದೆ. ಬಲಗೈಯಲ್ಲಿ. ಈ ಕಸುಬಿನಲ್ಲೇ ಹುಟ್ಟಿ ಬೆಳೆದವನು ಬಲಗೈಯಲ್ಲಿ. ಸುಟ್ಟ ಕೋಟನ್ನು ಬಾಯ್ಲರ್ ಹಿಂದೆ ಸುತ್ತಿಟ್ಟೆ.

ಮೊದಲ ದಿನ ತೊಟ್ಟಾಗ ಅಜ್ಜಿ ಭುಜ ಅಲುಗಿಸಿ, "ಈ ಕೋಟು ಯಾಕೋ ಬಿಗಿಯಾಗಿದೆಯಲ್ಲೋ" ಎಂದಳು. "ನೀನು ದಪ್ಪಗಾಗಿದ್ದೀಯ ಅಜ್ಜಿ" ಎಂದೆ. ನಲವತ್ತು ಕಿಲೋದ ಮುದುಕಿಗೆ.

ಅವಳು ನಕ್ಕಳು. ಎರಡು ಚಳಿಗಾಲ ಅದನ್ನೇ ತೊಟ್ಟಳು. ನಾನು ಪ್ರತಿದಿನ ಹೇಳಬೇಕೆಂದುಕೊಂಡು, ಪ್ರತಿದಿನ ಟೀ ಕೊಟ್ಟೆ.


ಮಾರ್ಚ್ ೯, ಭಾನುವಾರ

ಇಂದು ಬರೆಯುವುದಿಲ್ಲ. ಹಬೆ ಜಾಸ್ತಿ, ಕಣ್ಣು ಉರಿಯುತ್ತಿದೆ.

(ಭಾನುವಾರ ಬಾಯ್ಲರ್ ಹಚ್ಚುವುದಿಲ್ಲ ಎಂದು ಹೆಂಡತಿ ನೆನಪಿಸಿದಳು. ಅವಳು ಈ ಪುಸ್ತಕ ಓದುತ್ತಿದ್ದಾಳೆಂದು ನನಗೆ ಬಲವಾದ ಅನುಮಾನ.)


ಮಾರ್ಚ್ ೧೨, ಬುಧವಾರ

ಅತ್ತೆಯ ಫೋನು.

"ಎರಡು ಪುಟ ಆಯ್ತಾ?"

"ಒಂದು ವಾಕ್ಯ ಆಗಿದೆ ಅತ್ತೆ."

"ಓದು."

"ಒಂದು ಮಹಾವೃಕ್ಷ ಉರುಳಿತು."

ಮೂವತ್ತೆಂಟು ವರ್ಷ ಮಕ್ಕಳ ಪ್ರಬಂಧ ತಿದ್ದಿದವರು ಅವರು. "ಇದು ಪ್ರತಿವರ್ಷ ಇಪ್ಪತ್ತು ಹುಡುಗರು ಬರೀತಿದ್ರು. ಬೇರೆ ಬರಿ. ಇನ್ನೊಂದು ವಿಷ್ಯ. ಅಮ್ಮನ ನೀಲಿ ಕೋಟು ಇದೆಯಲ್ಲ, ಅವತ್ತು ಅದನ್ನ ಅವಳ ಕುರ್ಚಿ ಮೇಲೆ ಹಾಕಿಡು. ಎಲ್ಲರೂ ನೋಡ್ಲಿ. ಆಮೇಲೆ ನಾನು ತಗೊಂಡು ಹೋಗ್ತೀನಿ."

"ಆ ಕೋಟಾ?"

"ಮತ್ಯಾವುದು? ನಾನು ಅವಳಿಗೆ ಕೊಟ್ಟಿದ್ದು ಅದೊಂದೇ. ಉಳಿದಿದ್ದೆಲ್ಲ ಅವಳೇ ನಂಗೆ ಕೊಟ್ಟಿದ್ದು."

ಫೋನಿಟ್ಟ ಮೇಲೆ ಬಹಳ ಹೊತ್ತು ದಿಂಬಿನ ಚೀಲಗಳನ್ನು ಮಡಿಸಿದೆ. ಮಡಿಸಿದ್ದನ್ನೇ ಬಿಚ್ಚಿ ಮಡಿಸುತ್ತಿದ್ದೇನೆಂದು ಹೆಂಡತಿ ಹೇಳಿದಳು.

ಅತ್ತೆ ಕಾಲರ್ ತಿರುಗಿಸಿ ನೋಡುತ್ತಾರೆ. ಈ ಮನೆಯಲ್ಲಿ ಬೆಳೆದವರು ಯಾರ ಕಾಲರ್ ಸಿಕ್ಕರೂ ತಿರುಗಿಸಿ ನೋಡುತ್ತಾರೆ, ಅದು ನಮ್ಮ ರಕ್ತದಲ್ಲಿದೆ. ಬಲಕ್ಕೆ ವಾಲಿದ ಹೊಲಿಗೆ ಅವರಿಗೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಅಜ್ಜಿಗೆ ಮೋಸ ಮಾಡಿ ಕಳಿಸಿದೆ ಎಂಬುದು ಒಂದು. ಆ ಮೋಸವನ್ನು ಇಪ್ಪತ್ತಾರು ಜನ ನೆಂಟರ ಮುಂದೆ ಕುರ್ಚಿಗೆ ಹಾಕಿ ಪ್ರದರ್ಶಿಸಬೇಕು ಎಂಬುದು ಇನ್ನೊಂದು.

ಉಪಾಯ: ಹೊಲಿಗೆ ಬಿಚ್ಚಿ ಎಡಗೈಯಲ್ಲಿ ಮತ್ತೆ ಹಾಕುವುದು. ಎಡಗೈ ಅಭ್ಯಾಸ ಆರಂಭಿಸಿದ್ದೇನೆ. ಹಳೇ ಟವೆಲಿನ ಮೇಲೆ ಇರುವೆಗಳು ಸತ್ತುಬಿದ್ದ ಹಾಗೆ ಕಾಣುತ್ತಿದೆ.


ಮಾರ್ಚ್ ೧೪, ಶುಕ್ರವಾರ

ಅಜ್ಜಿಯ ಕಪಾಟು ತೆರೆದು, ಕೋಟು ಇಳಿಸಿ, ಕಾಲರ್ ತಿರುಗಿಸಿದೆ.

ಮೂರು ಗೆರೆ, ಒಂದು ಕೊಕ್ಕೆ. ಹಸಿರು ದಾರ. ಎಡಕ್ಕೆ ವಾಲಿದೆ.

ನನ್ನ ಹೊಲಿಗೆ ಅಲ್ಲಿಲ್ಲ. ಬಿಚ್ಚಿ ತೆಗೆದು, ಅದೇ ತೂತುಗಳಲ್ಲಿ, ಅವಳು ತನ್ನ ಗುರುತು ತಾನೇ ಹಾಕಿಕೊಂಡಿದ್ದಾಳೆ.

ಪಕ್ಕದಲ್ಲಿ ಒಂದು ಬಿಳಿ ಗಂಟು.


ಮಾರ್ಚ್ ೧೫, ಶನಿವಾರ

ಗೊತ್ತಿತ್ತು. ಅವಳಿಗೆ ಗೊತ್ತಿತ್ತು.

ಬಿಳಿ ಗಂಟಿನ ಅರ್ಥ ಈಗ ಸ್ಪಷ್ಟ: ಕಳ್ಳಮಾಲು. ಅಥವಾ, ಈ ಬಟ್ಟೆ ತಂದವನನ್ನು ನಂಬಬೇಡಿ. ಗ್ಯಾರೇಜಿನವನೂ ಅಂಥವನೇ ಇರಬೇಕು.

ಇವತ್ತಿಗೆ ಇಷ್ಟೆ.


ಮಾರ್ಚ್ ೧೯, ಬುಧವಾರ

ನಿವೃತ್ತ ಬಸ್ ಕಂಡಕ್ಟರ್ ಕೋಲೂರಿಕೊಂಡು ಬಂದರು. ಡಿಸೆಂಬರಿನಲ್ಲಿ ಜಾರಿಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದವರು ಈಗ ಪ್ಯಾಂಟು ಕೇಳಲು ಬಂದಿದ್ದಾರೆ. ಕುರ್ಚಿಯಲ್ಲಿ ಕೂತಿದ್ದ ನನ್ನನ್ನು ನೋಡಿ ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಯಾಕೋ ತಿಳಿಯಲಿಲ್ಲ. ಯಂತ್ರದ ಪೆಟ್ಟಿಗೆಯ ಮೇಲೆ ಟೀ ಇಟ್ಟುಕೊಟ್ಟೆ. ಒಳ್ಳೆ ಎತ್ತರವಿದೆ ಆ ಪೆಟ್ಟಿಗೆ.

ಅವರ ಪ್ಯಾಂಟಿನಲ್ಲೂ ಬಿಳಿ ಗಂಟು. ಬೀದಿ ಬೀದಿ ಅಲೆದು ಕಾಲರ್ ನೋಡಿದ ನನಗೆ, ಗಂಟು ಯಾರದೋ ಅವರನ್ನೇ ಕೇಳಬೇಕೆಂದು ಹೊಳೆದಿರಲಿಲ್ಲ.

"ಇದು ಏನು ಅಂತ ನಿಮಗೇನಾದ್ರೂ ಗೊತ್ತಾ?"

ಕಂಡಕ್ಟರ್ ಕನ್ನಡಕ ಏರಿಸಿ ನೋಡಿ ನಗತೊಡಗಿದರು. "ಅಯ್ಯೋ, ಇದಾ. ಇದು ನಿಮ್ಮಜ್ಜಿ ನನ್ನ ಪ್ಯಾಂಟು ಸುಟ್ಟ ಗಂಟು."

"ಅಜ್ಜಿ ಸುಟ್ಟಿದ್ರಾ?"

"ಮೊಣಕಾಲ ಹತ್ರ, ನೋಡಿ, ದಾರದಿಂದ ನೇಯ್ದು ರಫೂ ಹಾಕಿದ್ದಾರೆ. ಆಗ ಅವರಿಗೆ ಎಂಬತ್ತಾಗಿತ್ತು. ಮೂರು ಮಹಡಿ ಹತ್ತಿ ನಮ್ಮನೆಗೆ ಬಂದು, 'ಸುಟ್ಟೆ' ಅಂದ್ರು. ನಾನು, ಪರವಾಗಿಲ್ಲ ಬಿಡಿ ಅಮ್ಮ ಅಂದೆ. ತಗೋ, ಕುರ್ಚಿ ಎಳ್ಕೊಂಡು ಕೂತೇಬಿಟ್ರು. 'ಪರವಾಗಿಲ್ಲ ಅಂದ್ರೆ ನಡೆಯಲ್ಲ. ಬೈಯಿರಿ. ಬೈಯದೆ ಬಿಟ್ರೆ ಅದು ಹೋಗಲ್ಲ, ನಿಮ್ಮೊಳಗೂ ಇರುತ್ತೆ, ನನ್ನೊಳಗೂ ಇರುತ್ತೆ. ಬೈದು ಮುಗಿಸಿದ್ರೆ ನಾನು ಬಿಳಿ ಗಂಟು ಹಾಕ್ತೀನಿ. ಹಾಕಿದ ಮೇಲೆ ನೀವೂ ಆ ಮಾತು ಎತ್ತಬಾರದು, ನಾನೂ ಎತ್ತಬಾರದು' ಅಂತ."

"ಬೈದ್ರಾ?"

"ಎಂಬತ್ತು ವರ್ಷದವರಿಗೆ ಏನಂತ ಬೈಯೋದು ಸ್ವಾಮಿ? ನಂಗೆ ಬರೋದು ಒಂದೇ. 'ಬಾಗಿಲಲ್ಲಿ ನಿಲ್ಲಬೇಡಿ, ಮುಂದೆ ಹೋಗ್ರೀ, ಮುಂದೆ ಜಾಗ ಇದೆ, ಎಷ್ಟು ಸಲ ಹೇಳೋದು' ಅಂತ ಗಟ್ಟಿಯಾಗಿ ಕೂಗಿದೆ. ಅಕ್ಕಪಕ್ಕದವರೆಲ್ಲ ಓಡಿಬಂದ್ರು. ನಿಮ್ಮಜ್ಜಿ, 'ಸಾಕು, ಇಷ್ಟು ಸಾಕು' ಅಂತ ಎದ್ದು ಹೋದ್ರು." ಟೀ ಮುಗಿಸಿ ಲೋಟ ಪೆಟ್ಟಿಗೆಯ ಮೇಲಿಟ್ಟರು. "ಮಾರನೇ ದಿನ ಪ್ಯಾಂಟು ಬಂತು, ಗಂಟು ಹಾಕಿ. ಅವತ್ತಿಂದ ಇವತ್ತಿನವರೆಗೆ ನಾವಿಬ್ರೂ ಆ ಮಾತು ಎತ್ತಿರಲಿಲ್ಲ. ಇವತ್ತು ನೀವು ಎತ್ತಿಸಿದ್ರಿ."

ಅವರು ಹೋದ ಮೇಲೆ ಗ್ಯಾರೇಜಿನವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆದರೆ ಲೆಕ್ಕ ಕೂಡುತ್ತಿಲ್ಲ. ಬೈದ ಮೇಲೆ ತಾನೇ ಗಂಟು? ಕೋಟಿನ ವಿಷಯಕ್ಕೆ ಅಜ್ಜಿ ನನ್ನನ್ನು ಒಂದು ದಿನವೂ ಬೈಯಲಿಲ್ಲ.


ಅದೇ ದಿನ, ಅಂಗಡಿ ಮುಚ್ಚುವ ಹೊತ್ತು

ಟೀಗೆ ಸಕ್ಕರೆ ಹಾಕಿ ಡಬ್ಬಿ ಮುಚ್ಚುತ್ತಿದ್ದೆ.

ಮೂವತ್ತೈದು ನಿಮಿಷ. "ಬಾಯಿಬಿಟ್ಟು ಹೇಳೋಕೆ ಏನು ರೋಗ ನಿಂಗೆ? ಬೇರೇದು ತಂದು ಮುಚ್ಚಿದ್ರೆ ಮುಚ್ಚಿಹೋಗುತ್ತೇನೋ? ನನ್ನ ಕಣ್ಣು ಮಂಜಾಗಿರಬಹುದು, ಕೈ ಮಂಜಾಗಿದೆಯಾ?"

ಹಸಿರು ದಾರದ ಸುರುಳಿಗಳು.

ಮುಚ್ಚಳವನ್ನು ಅವಳೇ ಬಚ್ಚಿಟ್ಟಿದ್ದಳು. ನಾನು ಎಂದೂ ಹೇಳುವುದಿಲ್ಲವೆಂದು ಗೊತ್ತಾಗಿ, ನನ್ನ ಹೊಲಿಗೆಯನ್ನು ಆ ಮುಚ್ಚಳದೊಳಕ್ಕೆ ಬಿಚ್ಚಿ ಹಾಕಿ, ಅದನ್ನು ತನ್ನ ಅಡಿಯಲ್ಲೇ ಇಟ್ಟುಕೊಂಡು ಕೂತು, ಮುಚ್ಚಳದ ಹೆಸರಿನಲ್ಲಿ ಕೋಟಿನ ಬೈಗುಳವನ್ನು ಪೂರ್ತಿ ಬೈದು ಮುಗಿಸಿ, "ಆಯ್ತು, ಹೋಗು, ಟೀ ಕುಡಿ" ಎಂದಿದ್ದಳು. ಆಮೇಲೆ ಗಂಟು ಹಾಕಿದಳು. ಅವಳ ಕಡೆಯಿಂದ ಹೋದ ವರ್ಷ ಜನವರಿಯಲ್ಲೇ ಮುಗಿದಿತ್ತು. ನಾನೊಬ್ಬನೇ ಅದನ್ನು ಹದಿನಾಲ್ಕು ತಿಂಗಳು ಹೊತ್ತುಕೊಂಡು ತಿರುಗುತ್ತಿದ್ದೆ.

ಹೆಂಡತಿ ಒಳಗೆ ಬಂದು, "ಯಾಕೆ ಮುಚ್ಚಳ ಹಿಡ್ಕೊಂಡು ನಗ್ತಾ ಇದ್ದೀರ?" ಎಂದಳು. ಹೇಳಿದೆ. ಕೋಟಿನಿಂದ ಹಿಡಿದು ಎಲ್ಲ. ಅವಳು ಮುಚ್ಚಳವನ್ನು ನನ್ನ ಕೈಯಿಂದ ತೆಗೆದಿಟ್ಟು, "ನೀವು ಅಳ್ತಾನೂ ಇದ್ದೀರ" ಎಂದಳು.

ಹಬೆ.


ಮಾರ್ಚ್ ೨೪, ಸೋಮವಾರ

ಮೂವತ್ತೆಂಟು ಬಟ್ಟೆ ಮನೆ ಸೇರಿದವು. ಉಳಿದ ಮೂರನ್ನು ಇರಲಿ ಎಂದು ಇಟ್ಟುಕೊಂಡಿದ್ದೇನೆ, ಯಾರಾದರೂ ಬಂದೇ ಬರುತ್ತಾರೆ. ಅಜ್ಜಿ ಹೇಳುತ್ತಿದ್ದಳು, ಬಟ್ಟೆ ಮರೆತವರು ಚಳಿಗೆ ನೆನಪು ಮಾಡಿಕೊಳ್ಳುತ್ತಾರೆ ಎಂದು.

ಬಟ್ಟೆ ಒಯ್ಯಲು ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಾರೆ. ದಂತವೈದ್ಯರ ತಾಯಿಗೆ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಗಿ ಬಂದಾಗ ಅಜ್ಜಿ ಅವರ ದಿಂಬಿನ ಚೀಲದ ಒಳಗೆ ಮನೆಯ ಗುರುತನ್ನು ದೊಡ್ಡದಾಗಿ, ಬೆರಳಿಗೆ ಸಿಗುವ ಹಾಗೆ ಹಾಕಿಕೊಟ್ಟಿದ್ದಳಂತೆ. "ಕತ್ತಲಲ್ಲಿ ಮುಟ್ಟಿ ನೋಡ್ಕೊಳ್ಲಿ, ಮನೆಯದೇ ಅಂತ." ನನಗೆ ಇದು ಗೊತ್ತೇ ಇರಲಿಲ್ಲ. ಐವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಮನುಷ್ಯರು ಎಷ್ಟೊಂದನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಹೋಗಿರುತ್ತಾರೆ.

ಇವತ್ತು ಹೊಸ ಗಿರಾಕಿ, ಪಿಟೀಲು ಕಲಿಸುವ ಹೆಂಗಸು. ನೀಲಿ ದಾರ, ನಾಲ್ಕು ತಂತಿ. ಎಡಗೈ ಈಗ ಮಾತು ಕೇಳುತ್ತಿದೆ. ಯಂತ್ರದ ಪೆಟ್ಟಿಗೆಗೆ ಹೆಂಡತಿ ಒಂದು ಮೇಜುಬಟ್ಟೆ ಹೊದಿಸಿದ್ದಾಳೆ. ಗುಜರಿಯವನು ಬಂದು ಕುರ್ಚಿ ಕೇಳಿದ. ಯಾವ ಕುರ್ಚಿ ಎಂದೆ.

ಎರಡು ಪುಟ ಮುಗಿಯಿತು. ಅಂಚು ಬಿಟ್ಟು. ಮಹಾವೃಕ್ಷ ಈಗ ದಾರಿದೀಪವಾಗಿದೆ.

ಉಳಿದದ್ದು ಒಂದೇ. ಅಜ್ಜಿಯ ಪಾಲಿಗೆ ಮುಗಿದಿದೆ. ಕೋಟು ಕೊಡಿಸಿದವರ ಪಾಲಿಗೆ ಇಲ್ಲ. ಅತ್ತೆಗೆ ಹೇಳಬೇಕು. ಕಾಲರಿನಲ್ಲಿ ಈಗ ಅಜ್ಜಿಯದೇ ಹೊಲಿಗೆ ಇದೆ, ಬಾಯಿ ಮುಚ್ಚಿಕೊಂಡರೆ ಅತ್ತೆಗೆ ತಿಳಿಯುವುದೇ ಇಲ್ಲ. ಇದನ್ನೂ ಗಮನಿಸಿದ್ದೇನೆ. ಸುಮಾರು ಎರಡು ದಿನ ಗಮನಿಸಿದೆ.


ಮಾರ್ಚ್ ೩೦, ಭಾನುವಾರ

ನೆಂಟರು ಬರುವುದಕ್ಕೆ ಒಂದು ಗಂಟೆ ಮೊದಲೇ ಅತ್ತೆ ಬಂದರು, ಕುರ್ಚಿಗಳ ಸಾಲು ಸರಿಯಿದೆಯೇ ನೋಡಲು. ಅವರನ್ನು ಇಸ್ತ್ರಿ ಮೇಜಿನ ಬಳಿ ಕರೆದೊಯ್ದೆ. ಒಂದು ಕಡೆ ನಾನು ತಂದ ಕೋಟು, ಒಂದು ಕಡೆ ಬಾಯ್ಲರ್ ಹಿಂದಿನಿಂದ ತೆಗೆದ ಕೋಟು, ಬೆನ್ನು ಮೇಲಾಗಿ.

"ಸುಟ್ಟೆ ಅತ್ತೆ," ಎಂದೆ.

ಉಳಿದದ್ದನ್ನೂ ಹೇಳಿದೆ. ಅತ್ತೆ ಸುಟ್ಟ ಗುರುತಿನ ಮೇಲೆ ಅಂಗೈ ಇಟ್ಟರು. ಅಂಗೈ ಸರಿಯಾಗಿ ಅದರೊಳಗೆ ಕೂತಿತು. "ಅಂಗಡಿಯ ಗಾಜಿನ ಒಳಗೆ ನೇತು ಹಾಕಿದ್ರು," ಎಂದರು. "ಎಂಟು ತಿಂಗಳು ಆ ದಾರಿಯಲ್ಲೇ ಕೆಲಸಕ್ಕೆ ಹೋಗ್ತಿದ್ದೆ. ಮಾರಿಬಿಟ್ಟಿದ್ದಾರಾ ಅಂತ ದಿನಾ ನೋಡ್ಕೊಂಡು."

ಇದು ಬೈಗುಳಕ್ಕಿಂತ ಕಷ್ಟವಾಗಿತ್ತು. "ಬೈಯಿರಿ ಅತ್ತೆ," ಎಂದೆ.

"ಪರವಾಗಿಲ್ಲ ಬಿಡೋ. ಆಗಿದ್ದು ಆಯ್ತು."

"ಪರವಾಗಿಲ್ಲ ಅಂದ್ರೆ ನಡೆಯಲ್ಲ."

ಅತ್ತೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾಲರ್ ತಿರುಗಿಸಿ ಬಿಳಿ ಗಂಟನ್ನು ನೋಡಿದರು. ಈ ಮನೆಯ ಮಗಳು, ಅವರಿಗೆ ಅರ್ಥ ಹೇಳಬೇಕಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಆರಂಭಿಸಿದರು. ಹನ್ನೊಂದು ನಿಮಿಷ. ರೇಡಿಯೋ, ಪಂದ್ಯ, ನನ್ನ ಹೇಡಿತನ, ಮೂರನೇ ತರಗತಿಯಲ್ಲಿ ಅಂಕಪಟ್ಟಿಗೆ ನಾನೇ ಅಪ್ಪನ ಸಹಿ ಹಾಕಿದ್ದು, ಅದೂ ಈ ಹೊಲಿಗೆಯ ಹಾಗೆಯೇ ಮೊದಲ ನೋಟಕ್ಕೇ ಸಿಕ್ಕಿಬಿದ್ದದ್ದು, ಎಲ್ಲ ಬಂತು. ಹೆಂಡತಿ ಬಾಗಿಲಲ್ಲಿ ನಿಂತು ಆಸಕ್ತಿಯಿಂದ ಕೇಳುತ್ತಿದ್ದಳು; ಅಂಕಪಟ್ಟಿಯ ವಿಷಯ ಅವಳಿಗೆ ಹೊಸದು.

"ಆಯ್ತು," ಎಂದರು ಅತ್ತೆ ಕೊನೆಗೆ. "ಹಾಕು."

ಸುಟ್ಟ ಕೋಟಿನ ಕಾಲರಿಗೆ ಬಿಳಿ ಗಂಟು ಹಾಕಿದೆ. ಎಡಗೈಯಲ್ಲಿ. ಅತ್ತೆ ಬೆಳಕಿಗೆ ಹಿಡಿದು ನೋಡಿ, "ಕೈಬರಹ ಇನ್ನೂ ತಿದ್ದಬೇಕು" ಎಂದರು. ಆಮೇಲೆ ಆ ಕೋಟನ್ನೇ ತೊಟ್ಟುಕೊಂಡರು. ಗುಂಡಿಯಿಲ್ಲ, ಬೆನ್ನಿನ ಮೇಲೆ ಕಂದು ದೋಣಿ.

"ಅತ್ತೆ, ಅದನ್ನಾ? ಜನ ಬರ್ತಾರೆ."

"ಬರ್ಲಿ. ನಾನು ಕೊಟ್ಟಿದ್ದು ನನ್ನ ಹತ್ರ ಇರ್ಲಿ. ನೀನು ಕೊಟ್ಟಿದ್ದು ಇಲ್ಲೇ, ಅವಳ ಕುರ್ಚಿ ಮೇಲೆ ಇರ್ಲಿ."

ನಾನು ಕೊಟ್ಟದ್ದು. ಹಾಗೆ ನಾನು ಯೋಚಿಸಿಯೇ ಇರಲಿಲ್ಲ.

ಇಪ್ಪತ್ತಾರು ಜನ ಬಂದರು. ಅತ್ತೆಯ ಬೆನ್ನು ನೋಡಿ ಇಪ್ಪತ್ತಾರು ಜನವೂ ಏನಾಯಿತು ಎಂದು ಕೇಳಿದರು. ಹಾಗಾಗಿ ಎದ್ದು ನಿಂತಾಗ ದಾರಿದೀಪದ ಎರಡು ಪುಟ ಜೇಬಿನಲ್ಲೇ ಉಳಿಯಿತು. ಕೋಟಿನಿಂದ ಶುರುಮಾಡಿ ಕಂಡಕ್ಟರ್, ದಿಂಬಿನ ಚೀಲ, ಮುಚ್ಚಳ ಎಲ್ಲ ಹೇಳಿದೆ. ಜನ ಬಹಳ ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕಂಡಕ್ಟರ್, "ಮುಂದೆ ಹೋಗ್ರೀ, ಮುಂದೆ ಜಾಗ ಇದೆ" ಎಂದು ಒಂದು ಸಲ ಕೂಗಿಯೂ ತೋರಿಸಿದರು. ಆಮೇಲೆ ನೋಡಿದರೆ ಎಲ್ಲರೂ ಮೆಲ್ಲಗೆ ತಮ್ಮ ತಮ್ಮ ಕಾಲರ್ ತಡವಿಕೊಳ್ಳುತ್ತಿದ್ದರು.


ಮಾರ್ಚ್ ೩೧, ಸೋಮವಾರ

ಎಂಟು ಗಂಟೆ ನಿದ್ದೆ. ಯಂತ್ರವನ್ನು ವಾಪಸು ಕಳಿಸಬೇಕು, ಆದರೆ ಟೀ ಲೋಟ ಇಡುವುದೆಲ್ಲಿ ಎಂಬ ಗಂಭೀರ ಪ್ರಶ್ನೆ ಇದೆ. ರಟ್ಟಿನ ಪೆಟ್ಟಿಗೆ ಮಾತ್ರ ಇಟ್ಟುಕೊಳ್ಳಬಹುದೇ ಎಂದು ಕೇಳಿ ಕಾಗದ ಬರೆಯುವವನಿದ್ದೇನೆ.

ಈ ಪುಸ್ತಕದ ಕೆಲಸ ಮುಗಿಯಿತು. ಇದನ್ನು ಯಾರಿಗೂ ತೋರಿಸಲು ಬರೆದದ್ದಲ್ಲ. ಆದರೂ ಓದುತ್ತಿದ್ದೀರಿ ಎಂದು ನನಗೆ ಗೊತ್ತು, ನೀವು ನನ್ನ ಹೆಂಡತಿಯೇ ಆಗಿರಲಿ, ಬೇರೆ ಯಾರೇ ಆಗಿರಲಿ. ಬೈಯುವುದಿಲ್ಲ. ಒಂದು ಸಣ್ಣ ಉಪಕಾರ ಮಾತ್ರ: ಹೋಗುವಾಗ, ಇಸ್ತ್ರಿ ಮೇಜಿನ ಎಡಕ್ಕೆ ಸಕ್ಕರೆ ಡಬ್ಬಿ ಇದೆ. ಮುಚ್ಚಳ ಕೂತ ಹಾಗೆ ಕಾಣುತ್ತದೆ, ಪೂರ್ತಿ ಕೂತಿರುವುದಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಒತ್ತಿಬಿಡಿ. ಇರುವೆ ಬರುತ್ತವೆ.